ಬೂತ್ ಲೆಕ್ಕ: ಊರಿನ ಒಲವು ಹುಡುಕುವ ಕೆಲಸ ಎಲ್ಲಿಗೆ ಬಂತು

ಪಟ್ಟಣ ಪಂಚಾಯಿತಿ ಇರುವ ಒಂದು ಸಣ್ಣ ಊರು ಚುನಾವಣೆಯಿಂದ ಚುನಾವಣೆಗೆ ಯಾವ ಕಡೆ ವಾಲುತ್ತದೆ ಎಂಬುದನ್ನು ಬೂತ್‌ವಾರು ಅಂಕಿಗಳಿಂದ ಅಳೆಯುವ ಕೆಲಸ ಇದು. ಹಿಡಿದಿರುವುದು ಆರು ಚುನಾವಣೆ: ವಿಧಾನಸಭೆಯ 2013, 2018, 2023, ಲೋಕಸಭೆಯ 2014, 2019, 2024. ಬೇಕೆಂದರೆ 2008ರವರೆಗೂ ಹೋಗಬಹುದು. ಅದಕ್ಕೂ ಹಿಂದಕ್ಕೆ ಹೋದರೆ ಪುನರ್ವಿಂಗಡಣೆಗೆ ಮುಂಚಿನ ಕ್ಷೇತ್ರ, ಗಡಿಯೇ ಬೇರೆ.

ಮೂಲ ದಾಖಲೆ ನಮೂನೆ 20. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದೆಲ್ಲ ಅದರಲ್ಲಿದೆ. ಲೋಕಸಭೆಯದ್ದಾದರೆ ವಿಧಾನಸಭಾ ಕ್ಷೇತ್ರಕ್ಕೊಂದು ಹಾಳೆ. ತೊಂದರೆ ಏನೆಂದರೆ ಬಹಳಷ್ಟು ಹಾಳೆಗಳು ಸ್ಕ್ಯಾನ್ ಮಾಡಿದ ಪಿಡಿಎಫ್. ಓಸಿಆರ್‌ಗೆ (ಚಿತ್ರದಲ್ಲಿರುವ ಅಕ್ಷರ, ಅಂಕಿ ಓದುವ ತಂತ್ರಾಂಶ) ಕೊಟ್ಟರೆ 1 ಹೋಗಿ 7 ಆಗುತ್ತದೆ, 3 ಹೋಗಿ 8 ಆಗುತ್ತದೆ. ಹಾಗಾಗಿ ಎರಡು ತಾಳೆ ಕಡ್ಡಾಯ: ಅಡ್ಡಸಾಲಿನ ಮೊತ್ತ ಆ ಬೂತಿನ ಒಟ್ಟು ಮತಕ್ಕೆ, ಕಂಬಸಾಲಿನ ಮೊತ್ತ ಅಭ್ಯರ್ಥಿಯ ಒಟ್ಟು ಮತಕ್ಕೆ. ಅಡ್ಡಸಾಲು ಸರಿ ಬಂದು ಕಂಬಸಾಲು ತಪ್ಪಿದರೆ, ಒಂದೇ ಬೂತಿನ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಅಡ್ಡಸಾಲಿನ ತಾಳೆಯೊಂದನ್ನೇ ನಂಬಿದರೆ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅಂಚೆ ಮತಗಳು ಹಾಳೆಯ ಕೊನೆಯಲ್ಲಿ ಒಟ್ಟಾಗಿ ಬರುತ್ತವೆ, ಅವುಗಳಿಗೆ ಬೂತ್ ಇಲ್ಲ. ಬೂತ್ ಲೆಕ್ಕದಿಂದ ಹೊರಗಿಟ್ಟು ಕೊನೆಯ ಮೊತ್ತಕ್ಕೆ ಮಾತ್ರ ಸೇರಿಸಬೇಕು. 2023ರಲ್ಲಿ 80 ದಾಟಿದವರಿಗೆ, 2024ರಲ್ಲಿ 85 ದಾಟಿದವರಿಗೆ ಮನೆಯಿಂದಲೇ ಮತದಾನದ ಅವಕಾಶವಿತ್ತು. ಆ ಮತಗಳೂ ಅಂಚೆ ಲೆಕ್ಕಕ್ಕೇ ಹೋಗುತ್ತವೆ.

ಕಂಬಸಾಲಿನ ತಲೆಬರಹವನ್ನು ಹಿಂದಿನ ಚುನಾವಣೆಯ ಹಾಳೆಯಿಂದ ನಕಲು ಮಾಡಲೇಬಾರದು. ಮಾನ್ಯತೆ ಪಡೆದ ಪಕ್ಷಗಳವರು ಮೊದಲು, ನೋಂದಾಯಿತ ಪಕ್ಷಗಳವರು ಆಮೇಲೆ, ಪಕ್ಷೇತರರು ಕೊನೆಗೆ. ಪ್ರತಿ ಗುಂಪಿನೊಳಗೆ ಹೆಸರಿನ ಅಕ್ಷರ ಕ್ರಮ. ಅಭ್ಯರ್ಥಿ ಬದಲಾದರೆ ಪಕ್ಷದ ಜಾಗವೂ ಬದಲಾಗುತ್ತದೆ. ನೋಟಾ ಕಂಬಸಾಲು 2013ರ ವಿಧಾನಸಭೆಯ ಹಾಳೆಯಲ್ಲಿ ಇಲ್ಲ. ಸುಪ್ರೀಂ ಕೋರ್ಟ್ ಆದೇಶ ಬಂದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ, ನಮ್ಮಲ್ಲಿ ಮತದಾನ ಮೇ ತಿಂಗಳಲ್ಲೇ ಮುಗಿದಿತ್ತು. ಅಲ್ಲಿ ಸೊನ್ನೆ ತುಂಬದೆ ಖಾಲಿ ಬಿಡಿ. ಸೊನ್ನೆ ಹಾಕಿದರೆ 2018ರಲ್ಲಿ ನೋಟಾ ದಿಢೀರನೆ ಏರಿದಂತೆ ಕಾಣುತ್ತದೆ.

ಇಷ್ಟೂ ಸುಲಭದ ಭಾಗ. ಹೆಚ್ಚು ಹೊತ್ತು ತಿಂದದ್ದು ಬೂತ್ ಜೋಡಣೆ. 2013ರ 84ನೇ ಬೂತ್ 2023ರ 84 ಅಲ್ಲ. ಮತದಾರರ ಸಂಖ್ಯೆ ಮಿತಿ ಮೀರಿದರೆ ಬೂತ್ ಒಡೆಯುತ್ತದೆ, ಅಲ್ಲಿಂದ ಮುಂದಿನ ಕ್ರಮಸಂಖ್ಯೆಗಳೆಲ್ಲ ಜರುಗುತ್ತವೆ. ಶಾಲೆಯ ಹೆಸರು ನೋಡಿ ಜೋಡಿಸಿದರೂ ಸಾಲದು: ಅದೇ ಶಾಲೆಯ ‘ಪೂರ್ವ ಭಾಗ’, ‘ಪಶ್ಚಿಮ ಭಾಗ’ ಮುಂದಿನ ಸಲಕ್ಕೆ ‘ಕೊಠಡಿ 1’, ‘ಕೊಠಡಿ 2’ ಆಗಿರುತ್ತವೆ, ನಡುವೆ ಎರಡು ಬೀದಿ ಈ ಕೊಠಡಿಯಿಂದ ಆ ಕೊಠಡಿಗೆ ದಾಟಿರುತ್ತವೆ. ನಂಬಬಹುದಾದದ್ದು ಮತದಾರರ ಪಟ್ಟಿಯ ಮೊದಲ ಪುಟ. ಆ ಬೂತಿಗೆ ಯಾವ್ಯಾವ ಬೀದಿ ಸೇರಿದೆ ಎಂಬ ಪಟ್ಟಿ ಅಲ್ಲೇ ಇರುತ್ತದೆ. ಬೀದಿ, ಹಳೆಯ ಬೂತ್, ಹೊಸ ಬೂತ್ ಎಂದು ಮೂರು ಕಂಬಸಾಲು ಮಾಡಿಕೊಂಡರೆ ಯಾವುದು ಯಾವುದಕ್ಕೆ ಹರಿಯಿತು ಎಂಬುದು ತಿಳಿಯುತ್ತದೆ. ಬಿಡಿಸಲಾಗದ ಬೂತ್‌ಗಳನ್ನು ಕೂಡಿಸಿ ಒಂದೇ ಗುಚ್ಛ ಮಾಡುವುದೇ ಮೇಲು. ಮತಗಳನ್ನು ಅಂದಾಜಿನ ಮೇಲೆ ಅರ್ಧರ್ಧ ಹಂಚಿದರೆ ಇಲ್ಲದ ಏರಿಳಿತ ಹುಟ್ಟಿಕೊಳ್ಳುತ್ತದೆ.

ಒಲವನ್ನು ನೇರ ಶೇಕಡಾವಾರಿನಲ್ಲಿ ಅಳೆಯುತ್ತಿಲ್ಲ. ಕ್ಷೇತ್ರದ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದೇ ಅಳತೆ. ಒಂದು ಗುಚ್ಛದಲ್ಲಿ ಪಕ್ಷಕ್ಕೆ ಶೇ. 46, ಕ್ಷೇತ್ರದಲ್ಲಿ ಶೇ. 40 ಎಂದಿಟ್ಟುಕೊಳ್ಳಿ: ಒಲವು +6. ಮುಂದಿನ ಸಲ ಗುಚ್ಛದಲ್ಲಿ 50, ಕ್ಷೇತ್ರದಲ್ಲಿ 47 ಆದರೆ ಒಲವು +3. ಬರೀ ಶೇಕಡಾವಾರು ನೋಡುವವರು ‘ನಾಲ್ಕು ಏರಿತು’ ಅನ್ನುತ್ತಾರೆ. ನಿಜಕ್ಕೂ ಆ ಬೀದಿಗಳ ಪಕ್ಷಪ್ರೀತಿ ಮೂರು ಇಳಿದಿದೆ, ಏರಿದ್ದು ಕ್ಷೇತ್ರದ ಗಾಳಿ.

ಪಕ್ಷದ ಕಂಬಸಾಲು ಹೇಳುವುದನ್ನೂ ಹಾಗೇ ನುಂಗುವಂತಿಲ್ಲ. 2013ರಲ್ಲಿ ಬಿಜೆಪಿಯಿಂದ ಒಡೆದು ಬಂದ ಕೆಜೆಪಿ, ಬಿಎಸ್ಆರ್ ಕಾಂಗ್ರೆಸ್ ಬೇರೆಯಾಗಿ ನಿಂತಿದ್ದವು. ಬಿಜೆಪಿಯ ಅಂಕಿಯನ್ನಷ್ಟೇ 2018ರ ಜೊತೆ ಇಟ್ಟರೆ ದೊಡ್ಡ ಜಿಗಿತ ಕಾಣುತ್ತದೆ, ಮೂರನ್ನೂ ಕೂಡಿಸಿಟ್ಟರೆ ಚಿತ್ರವೇ ಬೇರೆ. ಲೋಕಸಭೆಗೆ ಬಂದರೆ 2019ರಲ್ಲಿ ಕಾಂಗ್ರೆಸ್ 21, ಜೆಡಿಎಸ್ 7 ಕ್ಷೇತ್ರ ಹಂಚಿಕೊಂಡವು. 2024ರಲ್ಲಿ ಬಿಜೆಪಿ 25, ಜೆಡಿಎಸ್ 3. ಅಂದರೆ ವಿಧಾನಸಭೆಗೆ ಜೆಡಿಎಸ್‌ಗೆ ಬಿದ್ದ ಮತಕ್ಕೆ ಹೆಚ್ಚಿನ ಕಡೆ ಲೋಕಸಭೆಯ ಹಾಳೆಯಲ್ಲಿ ಮನೆಯೇ ಇಲ್ಲ. ಅದಕ್ಕೇ ‘ಪಕ್ಷ’ ಮತ್ತು ‘ಮೈತ್ರಿ’ ಎಂದು ಎರಡು ಗುರುತು ಹಾಕಿದ್ದಾಗಿದೆ.

ಬೂತಿನ ಅಂಕಿ ನೋಡಿ ‘ಇಂಥ ಜನ ಇಂಥವರಿಗೇ ಹಾಕಿದ್ದಾರೆ’ ಎಂದು ತೀರ್ಪು ಕೊಡುವವರು ಪ್ರತಿ ಕಟ್ಟೆಯ ಮೇಲೂ ಸಿಗುತ್ತಾರೆ. ಸಾವಿರ ಮತದಲ್ಲಿ 600 ಒಂದು ಪಕ್ಷಕ್ಕೆ ಬಿದ್ದಿದೆ ಎಂಬುದರಿಂದ ಆ 600 ಮಂದಿ ಯಾರು ಎಂಬುದು ಗೊತ್ತಾಗುವುದಿಲ್ಲ. ಹಲವು ಬೂತ್‌ಗಳ ಮತ ಕೂಡಿಸಿ ಎಣಿಸುವ ಟೋಟಲೈಸರ್ ಯಂತ್ರದ ಪ್ರಸ್ತಾಪವನ್ನು ಚುನಾವಣಾ ಆಯೋಗವೇ ಮುಂದಿಟ್ಟಿತ್ತು, ಜಾರಿಗೆ ಬರಲಿಲ್ಲ. ಬೂತ್ ನೋಡಿ ಸೇಡು ತೀರಿಸಿಕೊಳ್ಳುವ ಭಯ ಅದರ ಹಿಂದಿತ್ತು. ಈ ಕೆಲಸದ ನಕ್ಷೆಯೂ ಗುಚ್ಛದ ಮಟ್ಟಕ್ಕೇ ನಿಲ್ಲುತ್ತದೆ, ಬೀದಿಯ ಹೆಸರು ಹಾಕುವುದಿಲ್ಲ.

ಬಾಕಿ ಇರುವುದು ಪಟ್ಟಣ ಪಂಚಾಯಿತಿ ಚುನಾವಣೆಯ ವಾರ್ಡ್‌ಗಳು. ಗ್ರಾಮ ಪಂಚಾಯಿತಿಯಂತಲ್ಲ, ಇಲ್ಲಿ ಪಕ್ಷದ ಚಿಹ್ನೆ ಇರುತ್ತದೆ, ಹಾಗಾಗಿ ಹೋಲಿಕೆಗೆ ಬರುತ್ತದೆ. ಆದರೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಾರ್ಡಿನ ಗಡಿ ಬೂತಿನ ಗಡಿಗೆ ಕೂಡುವುದಿಲ್ಲ. ಬೀದಿ ಪಟ್ಟಿಗೆ ನಾಲ್ಕನೇ ಕಂಬಸಾಲು ಸೇರಿಸಿ, ಮೊದಲ ಮೂರು ವಾರ್ಡ್‌ಗಳನ್ನು ತುಂಬುತ್ತಿರುವುದು ಸದ್ಯದ ಸ್ಥಿತಿ.