ಅಮ್ಮನ ಕೋಣೆಯ ಗೆರೆ

ಬಾಸ್ಟನ್ ಸುತ್ತಮುತ್ತ ಶಾಲೆಗಳು ಜೂನ್ ಕೊನೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸೆಪ್ಟೆಂಬರ್ ಹೊತ್ತಿಗೆ. ಅಷ್ಟು ದಿನ ಹೈಸ್ಕೂಲಿನ ಮಕ್ಕಳನ್ನು ಎಲ್ಲಿಗೆ ಕಳಿಸುವುದು ಅಂತ ಇಲ್ಲಿನ ಅಪ್ಪ ಅಮ್ಮಂದಿರು ಜನವರಿಯಿಂದಲೇ ತಲೆ ಕೆಡಿಸಿಕೊಳ್ಳುತ್ತಾರೆ. ಇಲ್ಲಿ ಹೈಸ್ಕೂಲ್ ಅಂದರೆ 9ರಿಂದ 12ನೇ ತರಗತಿ, ಅಂದರೆ ನಮ್ಮ ಪಿಯುಸಿಯೂ ಸೇರಿತು. ಮುಂದೆ ಕಾಲೇಜಿನ ಅರ್ಜಿಯಲ್ಲಿ ಬರೆದುಕೊಳ್ಳಲು ಏನಾದರೂ ಬೇಕಲ್ಲ! ಹವಾಮಾನ ಮತ್ತು ಆರೋಗ್ಯದ ಬಗ್ಗೆ ನಾಲ್ಕು ವಾರದ ಬೇಸಿಗೆ ಶಿಬಿರ ಇದೆ, ಕೈಯಾರೆ ಮಾಡಿ ಕಲಿಯುವುದು, ಅಂತ ಮಗಳ ಶಾಲೆಯಿಂದ ಕಾಗದ ಬಂದಾಗ ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಸುಳ್ಳು ಯಾಕೆ ಹೇಳಲಿ.

ಮಕ್ಕಳಿಗೆ ಗಂಟೆ ಲೆಕ್ಕದಲ್ಲಿ ದುಡ್ಡನ್ನೂ ಕೊಡುತ್ತಾರೆ ಅಂತ ಓದಿ ಆಶ್ಚರ್ಯವಾಯಿತು. ಕಲಿಸುವುದಕ್ಕೆ ಅವರೇ ದುಡ್ಡು ಕೊಡುವುದೇ? ಆಮೇಲೆ ಅರ್ಥವಾಯಿತು. ಈ ರಾಜ್ಯದಲ್ಲಿ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್. ಬಡವರ ಮನೆಯ ಹುಡುಗರು ಬೇಸಿಗೆಯಲ್ಲಿ ಐಸ್‌ಕ್ರೀಂ ಅಂಗಡಿಯಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ನಿಂತು ದುಡಿಯುತ್ತಾರೆ. ಅದನ್ನು ಬಿಟ್ಟು ಬನ್ನಿ ಎಂದರೆ ಯಾರು ಬರುತ್ತಾರೆ? ದುಡ್ಡು ಕೊಡದಿದ್ದರೆ ನನ್ನ ಮಗಳಂಥವರೇ ತುಂಬಿಕೊಂಡಿರುತ್ತಿದ್ದರು.

ಶುಕ್ರವಾರಗಳಲ್ಲಿ ದೊಡ್ಡವರ ಸಹಾಯ ಬೇಕಿತ್ತು. ನಾನು ಹೆಸರು ಕೊಟ್ಟೆ. ಮಕ್ಕಳ ಜೊತೆ ಕೆಲಸ ಮಾಡುವವರ ಮೇಲೆ ಪೊಲೀಸ್ ಕೇಸೇನಾದರೂ ಇದೆಯೇ ಅಂತ ನೋಡಲು ಇಲ್ಲಿ 'ಕೋರಿ' ಎಂಬ ಫಾರಂ ತುಂಬಿಸಿಕೊಳ್ಳುತ್ತಾರೆ. ತುಂಬಿದೆ. ಪಾಸಾದೆ.

ಮೊದಲ ಶುಕ್ರವಾರ ಎಲ್ಲರ ಕೈಗೂ ಬಂದೂಕಿನಂಥ ಒಂದೊಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಟ್ಟರು. ಗುರಿಯಿಟ್ಟು ಒತ್ತಿದರೆ ಆ ಜಾಗದ ಮೈ ಎಷ್ಟು ಕಾದಿದೆ ಅಂತ ತೋರಿಸುತ್ತದೆ. ಮಧ್ಯಾಹ್ನ ಎರಡು ಗಂಟೆ, ಗಾಳಿಯ ಉಷ್ಣಾಂಶ 32 ಡಿಗ್ರಿ. ಮೇಪಲ್ ಮರದ ನೆರಳಿನ ಹುಲ್ಲು 28. ಹತ್ತು ಹೆಜ್ಜೆ ಆಚೆ ಡಾಂಬರು ರಸ್ತೆ 53. ಆಟದ ಮೈದಾನಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹುಲ್ಲು 64. ಆ ಮೈದಾನದಲ್ಲಿ ಚಿಕ್ಕ ಮಕ್ಕಳು ಫುಟ್‌ಬಾಲ್ ಆಡುತ್ತಿದ್ದರು. (ಈ ದೇಶದಲ್ಲಿ ಎಲ್ಲವೂ ಫ್ಯಾರನ್‌ಹೀಟಿನಲ್ಲಿ, ನಾನು ಬರೆದದ್ದು ಸೆಲ್ಸಿಯಸ್ಸಿನಲ್ಲಿ. ಹನ್ನೊಂದು ವರ್ಷವಾದರೂ ನಾನು ಇವತ್ತಿಗೂ ಮನಸ್ಸಿನಲ್ಲೇ ಭಾಗಾಕಾರ ಮಾಡಿಕೊಳ್ಳುತ್ತೇನೆ.)

ಆಮೇಲೆ ಒಂದು ಹಳೆಯ ನಕ್ಷೆ ಬಿಚ್ಚಿದರು. 1930ರ ದಶಕದಲ್ಲಿ ಗೃಹಸಾಲಕ್ಕೆಂದು ಹುಟ್ಟಿದ ಒಂದು ಸರ್ಕಾರಿ ಸಂಸ್ಥೆ ಅಮೆರಿಕದ ನಗರಗಳ ಬಡಾವಣೆಗಳಿಗೆಲ್ಲ ಎ, ಬಿ, ಸಿ, ಡಿ ಅಂತ ದರ್ಜೆ ಕೊಟ್ಟಿತ್ತು. ಡಿ ದರ್ಜೆಗೆ ಕೆಂಪು ಬಣ್ಣ. ಕರಿಯರು, ಬಡ ವಲಸಿಗರು ಇದ್ದ ಕೇರಿಗಳಿಗೆ ಬಿದ್ದದ್ದು ಹೆಚ್ಚಾಗಿ ಅದೇ. ಅಲ್ಲಿಗೆ ಸಾಲ ಹೋಗಲಿಲ್ಲ. ಮರಗಳ ಬದಲು ಹೆದ್ದಾರಿ, ಗೋದಾಮು ಬಂದವು. 2020ರಲ್ಲಿ 108 ನಗರಗಳನ್ನು ಅಳೆದು ನೋಡಿದ ಅಧ್ಯಯನವೊಂದರ ಪ್ರಕಾರ ಆ ಕೆಂಪು ಕೇರಿಗಳ ನೆಲ ಈಗಲೂ ಉಳಿದ ಬಡಾವಣೆಗಳಿಗಿಂತ ಸರಾಸರಿ 2.6 ಡಿಗ್ರಿ ಹೆಚ್ಚು ಬಿಸಿ. ಯಾರೋ ತೊಂಬತ್ತು ವರ್ಷದ ಹಿಂದೆ ಪೆನ್ಸಿಲ್ಲಿನಲ್ಲಿ ಬಳಿದ ಬಣ್ಣ ಇವತ್ತಿಗೂ ಕಾದು ಸುಡುತ್ತಿದೆ. ಕೈಯಲ್ಲಿ ಥರ್ಮಾಮೀಟರ್ ಹಿಡಿದುಕೊಂಡೇ ಇದ್ದ ಹುಡುಗರು ಆ ನಕ್ಷೆಯಲ್ಲಿ ತಮ್ಮ ತಮ್ಮ ಬೀದಿ ಹುಡುಕಿಕೊಂಡರು.

ಎರಡನೇ ವಾರ ಕಾಡಂಚಿನಲ್ಲಿ ಉಣುಗು ಹಿಡಿಯುವ ಕೆಲಸ. ಒಂದು ಮೀಟರ್ ಉದ್ದಗಲದ ಬಿಳಿ ಬಟ್ಟೆಯನ್ನು ಪೊದೆಗಳ ಮೇಲೆ ಎಳೆದುಕೊಂಡು ಹೋಗುವುದು, ನಿಂತು ನಿಂತು ತಿರುವಿ ನೋಡುವುದು. ಮಲೆನಾಡಿನವರಿಗೆ ಉಣುಗು ಹೊಸದಲ್ಲ, ಮಂಗನ ಕಾಯಿಲೆ ಅದರಿಂದಲೇ. ಇಲ್ಲಿನದು ಲೈಮ್ ಕಾಯಿಲೆ ತರುತ್ತದೆ. ಪಕ್ಕದ ಕನೆಕ್ಟಿಕಟ್ ರಾಜ್ಯದ ಲೈಮ್ ಅನ್ನೋ ಊರಲ್ಲಿ 1970ರ ದಶಕದಲ್ಲಿ ಇಷ್ಟೊಂದು ಮಕ್ಕಳಿಗೆ ಕೀಲುನೋವು ಯಾಕೆ ಅಂತ ಮೊದಲು ಪಟ್ಟು ಹಿಡಿದು ಕೇಳಿದವರು ಡಾಕ್ಟರುಗಳಲ್ಲ, ಅಲ್ಲಿನ ತಾಯಂದಿರು. ಚಳಿಗಾಲ ಸಡಿಲವಾದಷ್ಟೂ ಉಣುಗು ಉತ್ತರಕ್ಕೆ ಹೋಗುತ್ತಿದೆ, ಈಗ ಕೆನಡಾದಲ್ಲೂ ಇದೆ. ಮರಿ ಉಣುಗು ಗಸಗಸೆ ಕಾಳಿನಷ್ಟು. ಅವತ್ತು ಸಿಕ್ಕಿದ್ದು ಮೂರು. ಅದರಲ್ಲಿ ಒಂದು ಬಟ್ಟೆಯ ಮೇಲಲ್ಲ, ನನ್ನ ಕಾಲುಚೀಲದ ಮೇಲೆ.

ಮೂರನೇ ವಾರದ್ದು ನನಗೆ ತುಂಬ ಹಿಡಿಸಿದ ಕೆಲಸ. ಚೌಕದ ಫ್ಯಾನಿಗೆ ನಾಲ್ಕು ಕಡೆ ಸಣ್ಣ ಕಣಗಳನ್ನೂ ಹಿಡಿಯುವ ಮರ್ವ್-13 ದರ್ಜೆಯ ಫಿಲ್ಟರ್ ನಿಲ್ಲಿಸಿ, ಟೇಪು ಸುತ್ತಿ, ಗಾಳಿ ಸೋಸುವ ಪೆಟ್ಟಿಗೆ ಮಾಡುವುದು. ಕೋವಿಡ್ ಕಾಲದಲ್ಲಿ ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಎಂಬಿಬ್ಬರು ಯೋಚಿಸಿದ್ದು, ಹೆಸರೂ ಅವರದ್ದೇ. 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನ್ಯೂಯಾರ್ಕಿನ ಆಕಾಶವನ್ನೇ ಕಿತ್ತಳೆ ಬಣ್ಣ ಮಾಡಿದಾಗ ಮತ್ತೆ ಎಲ್ಲರಿಗೂ ಇದರ ನೆನಪಾಯಿತು. ಒಂದು ಗುಂಪು ಫಿಲ್ಟರುಗಳನ್ನು ಒಳಗು ಹೊರಗು ಮಾಡಿ ಅಂಟಿಸಿ, ಅಷ್ಟೂ ಟೇಪು ಕಿತ್ತು ಮೊದಲಿಂದ ಮಾಡಬೇಕಾಯಿತು. ಪರೀಕ್ಷೆಗೆ ಹೊಗೆ ಬೇಕಲ್ಲ? ನಾನು ಜಂಬದಿಂದ ಮನೆಯಿಂದ ಊದಿನಕಡ್ಡಿ ತಂದಿದ್ದೆ. ಚಿಕ್ಕ ಕೋಣೆಯಲ್ಲಿ ಎರಡೇ ಕಡ್ಡಿ. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳನ್ನು ಅಳೆಯುವ ಯಂತ್ರದ ಅಂಕಿ 6ರಲ್ಲಿ ಇದ್ದದ್ದು 300 ದಾಟಿತು. ದಿನಕ್ಕೆ ಸರಾಸರಿ 15 ಮೀರಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಪೆಟ್ಟಿಗೆ ಚಾಲೂ ಮಾಡಿದ ಮೇಲೆ ಅಂಕಿ ಸರಸರ ಇಳಿಯಿತು, ಮಕ್ಕಳು ಚಪ್ಪಾಳೆ ಹೊಡೆದರು. ನನ್ನ ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆಯ ದೇವರ ಗೂಡು ಇರುವುದು ಕಿಟಕಿ ಇಲ್ಲದ ಮೂಲೆಯಲ್ಲಿ.

ಇಷ್ಟೆಲ್ಲ ನಡೆಯುವಾಗ ಇನ್ನೊಂದು ಕೆಲಸ ಸದ್ದಿಲ್ಲದೆ ಸಾಗಿತ್ತು. ಮೊದಲ ವಾರವೇ ಪ್ರತಿ ಮಗುವಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಲಾಗರ್ ಕೊಟ್ಟು, ಮನೆಯಲ್ಲಿ ಯಾರಾದರೂ ಮಲಗುವ ಕೋಣೆಯಲ್ಲಿಡಿ ಎಂದಿದ್ದರು. ಹತ್ತು ನಿಮಿಷಕ್ಕೊಮ್ಮೆ ಅದು ಉಷ್ಣಾಂಶ, ತೇವಾಂಶ ಬರೆದುಕೊಳ್ಳುತ್ತದೆ. ಮಗಳು ಅದನ್ನು ಅಜ್ಜಿಯ ಕೋಣೆಯಲ್ಲಿಟ್ಟಿದ್ದಳು.

ಅಮ್ಮ ಆರು ತಿಂಗಳಿಗೆಂದು ಬಂದಿದ್ದಳು. ನಾವಿರುವುದು ಇಲ್ಲಿ ಟ್ರಿಪಲ್ ಡೆಕ್ಕರ್ ಅನ್ನುವ, ನೂರು ವರ್ಷ ಹಳೆಯ ಮೂರಂತಸ್ತಿನ ಮರದ ಮನೆಯ ಮೇಲಿನ ಮಹಡಿಯಲ್ಲಿ, ಬಾಡಿಗೆಗೆ. ತಾರಸಿ ಸಪಾಟು, ಅದಕ್ಕೆ ಕಪ್ಪು ರಬ್ಬರ್ ಹೊದಿಕೆ. ಕಿಟಕಿಗೆ ಕೂರಿಸುವ ಏಸಿ ಎರಡು ತಂದಿದ್ದೆವು, ನಮ್ಮ ಕೋಣೆಗೊಂದು, ಮಗಳ ಕೋಣೆಗೊಂದು. "ನಂಗೆ ಬೇಡ ಕಣೇ, ಮೈಕೈ ನೋವು ಬರುತ್ತೆ. ಇದೂ ಒಂದು ಸೆಕೆನಾ?" ಅಂದಿದ್ದಳು ಅಮ್ಮ. ನಾನು ಎರಡನೇ ಸಲ ಕೇಳಲಿಲ್ಲ.

ಕೊನೆಯ ವಾರ ಹದಿನೆಂಟು ಲಾಗರುಗಳ ಗೆರೆಗಳನ್ನು ಒಂದೇ ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿದರು. ಹೆಸರಿಲ್ಲ, ಬರೀ ಬಣ್ಣ. ಎಲ್ಲಕ್ಕಿಂತ ದಪ್ಪನಾದ ಕಪ್ಪು ಗೆರೆ ಹೊರಗಿನ ಗಾಳಿಯದ್ದು, ಮಧ್ಯಾಹ್ನ 35ಕ್ಕೆ ಏರಿ ರಾತ್ರಿ 24ಕ್ಕೆ ಇಳಿಯುತ್ತಿತ್ತು. ಎಷ್ಟೋ ಮನೆಗಳ ಗೆರೆ ಅದರ ಹಿಂದೆ ಹಿಂದೆಯೇ ಏರಿಳಿದಿತ್ತು. ನೇರಳೆ ಬಣ್ಣದ್ದೊಂದು ಮಾತ್ರ ರಾತ್ರಿ ಒಂಬತ್ತಕ್ಕೆ ತುದಿ ಮುಟ್ಟಿ, ಬೆಳಗಿನ ನಾಲ್ಕಕ್ಕೂ 31ರಲ್ಲೇ ನಿಂತಿತ್ತು. ಹಗಲೆಲ್ಲ ಕಾದ ತಾರಸಿ ಬಿಸಿಯನ್ನು ಒಳಗೆ ಬಿಡುವುದು ಕತ್ತಲಾದ ಮೇಲೆ. ಕಿಟಕಿ ಮುಚ್ಚಿದ್ದರೆ ಅದು ಹೋಗುವುದಾದರೂ ಎಲ್ಲಿಗೆ?

ಅಲ್ಲಿಗೆ ಬಂದಿದ್ದ ನರ್ಸ್ ಒಬ್ಬರು ಆ ಗೆರೆಗೆ ಬೆರಳಿಟ್ಟು 1995ರ ಜುಲೈನ ಶಿಕಾಗೋ ಬಗ್ಗೆ ಹೇಳಿದರು. ಕೆಲವೇ ದಿನಗಳ ಸೆಕೆಗೆ 700ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಒಂಟಿಯಾಗಿದ್ದವರು. ಮೈಗೆ ರಾತ್ರಿಯಾದರೂ ತಣ್ಣಗಾಗಲು ಬಿಡುವು ಬೇಕು, ಅದು ಸಿಗದೆ ಎರಡು ಮೂರು ರಾತ್ರಿ ಕಳೆದರೆ ಹೃದಯ ಸೋಲಬಹುದು. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಇನ್ನೂ ಕಷ್ಟ, ಮೈಯಲ್ಲಿ ನೀರೇ ಕಡಿಮೆ ಇರುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು ಅಂತಲೂ ಎರಡು ಸಲ ಹೇಳಿದರು.

ಮಗಳು ನನ್ನ ಕಡೆ ತಿರುಗಲಿಲ್ಲ. ತಿರುಗುವುದೂ ಬೇಕಿರಲಿಲ್ಲ. ಅಮ್ಮ ಸೊಳ್ಳೆಗೆ ಹೆದರಿ ಕಿಟಕಿ ಹಾಕಿಕೊಳ್ಳುತ್ತಾಳೆ. ಬೆಳಗ್ಗೆ ಒಂದು ಬಿಪಿ ಮಾತ್ರೆ ನುಂಗುತ್ತಾಳೆ, ಅದು ಆ ಜಾತಿಯದ್ದೇ. ರಾತ್ರಿ ಬಚ್ಚಲಿಗೆ ಏಳಬೇಕಾಗುತ್ತದೆ ಅಂತ ಸಂಜೆ ಆರರ ಮೇಲೆ ನೀರು ಮುಟ್ಟುವುದಿಲ್ಲ. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಶಿಕಾಗೋದಲ್ಲಿ ಸತ್ತವರು ಒಂಟಿಯಾಗಿದ್ದರು. ಅಮ್ಮನ ಸುತ್ತ ಮೂರು ಜನ ಇದ್ದೆವು, ನಮ್ಮ ಎರಡೂ ಕೋಣೆಗಳಲ್ಲಿ ಏಸಿ ಗುಯ್‌ಗುಡುತ್ತಿತ್ತು, ಬಾಗಿಲು ಹಾಕಿತ್ತು.

ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. ಈ ರಾಜ್ಯದಲ್ಲಿ ಚಳಿಗಾಲಕ್ಕೆ ಬಾಡಿಗೆ ಮನೆ ಹಗಲು 68 ಫ್ಯಾರನ್‌ಹೀಟ್, ರಾತ್ರಿ 64ಕ್ಕಿಂತ ತಣ್ಣಗಿರಬಾರದು ಅಂತ ನಿಯಮ ಇದೆ, ಅಂದರೆ ಸುಮಾರು 20 ಮತ್ತು 18 ಡಿಗ್ರಿ. ಸೆಕೆಗೆ ಯಾಕೆ ಅಂಥ ಮಿತಿ ಇಲ್ಲ? ಚಳಿ ಕೊಲ್ಲುತ್ತದೆ ಅಂತ ಇಲ್ಲಿನವರಿಗೆ ಮೊದಲಿಂದ ಗೊತ್ತು ಅಂತ ಏನೋ ಸಮಜಾಯಿಷಿ ಬಂತು. ಹುಡುಗನಿಗೆ ಸಾಕಾಗಲಿಲ್ಲ. ಅವನೂ ಇನ್ನು ನಾಲ್ವರೂ ಸೇರಿ ನಗರಸಭೆಗೆ ಪತ್ರ ಬರೆದರು. ಟೀ ಶರ್ಟು, ಪೋಸ್ಟರು, ಗ್ರೂಪ್ ಫೋಟೋಗಳಲ್ಲಿ ಕಳೆದ ಆ ವಾರದಲ್ಲಿ ನನಗೆ ನೆನಪುಳಿದಿರುವುದು ಆ ಪತ್ರ ಒಂದೇ.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಕೇಳುತ್ತಾಳೆಯೇ? "ನಾವು ಎಂಥೆಂಥ ಬೇಸಿಗೆ ನೋಡಿದೀವಿ" ಅಂತಲೇ ಶುರು. ಮಗಳು ವಾದ ಮಾಡಲಿಲ್ಲ, ಗೆರೆಯ ಕಾಗದ ತಂದು ಅಜ್ಜಿಯ ಹಾಸಿಗೆಯ ಮೇಲೆ ಹರವಿದಳು. "ಇದು ಹೊರಗಡೆ ಅಜ್ಜಿ. ಇದು ನೀನು." ಅಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಅದಕ್ಕೇ ಬೆಳಗಿನ ಜಾವ ತಲೆ ಸುತ್ತೋದು?" ಅಂದಳು. ತಲೆ ಸುತ್ತುತ್ತಿದೆ ಅಂತ ನಮಗೆ ಒಂದು ದಿನವೂ ಹೇಳಿರಲಿಲ್ಲ.

ಚೌಕಾಶಿ ನಡೆದು ಒಪ್ಪಂದವಾಯಿತು. ಮಗಳ ಕೋಣೆಯ ಏಸಿ ಅಜ್ಜಿಯ ಕಿಟಕಿಗೆ, 27 ಡಿಗ್ರಿಗಿಂತ ಕೆಳಗೆ ಇಳಿಸಕೂಡದು. ಮಗಳ ಹಾಸಿಗೆಯೂ ಅಲ್ಲಿಗೇ. ಸಂಜೆ ಎಂಟರವರೆಗೆ ನೀರು. ಬೆಳಗ್ಗೆ ಎದ್ದ ಕೂಡಲೇ ಅಮ್ಮ ಲಾಗರಿನ ಅಂಕಿ ನೋಡಿ, ಬಿಪಿ ಬರೆಯುವ ಪುಸ್ತಕದಲ್ಲಿ ಪಕ್ಕಕ್ಕೆ ಅದನ್ನೂ ಬರೆಯತೊಡಗಿದಳು. ಊರಿಗೆ ಫೋನ್ ಮಾಡಿದಾಗಲೂ ಮೊದಲು ಅದೇ ವರದಿ.

ಕೊನೆಯ ಶುಕ್ರವಾರ ಲಾಗರ್ ವಾಪಸು ಕೊಡಬೇಕಿತ್ತು. ಎಲ್ಲಿ ಹುಡುಕಿದರೂ ಇಲ್ಲ. ದಿಂಬಿನ ಕೆಳಗಿತ್ತು. ಅಂಥದ್ದೇ ಇನ್ನೊಂದು ತರಿಸಿಕೊಡುತ್ತೇನೆ ಅಂತ ಮಾತು ಕೊಟ್ಟ ಮೇಲೆಯೇ ಕೈಬಿಟ್ಟದ್ದು. ಹೊಸದು ಬಂದು ಎರಡು ವಾರವಾಯಿತು. ಅದು ಒಂದು ಡಿಗ್ರಿ ಜಾಸ್ತಿ ತೋರಿಸುತ್ತದೆ, ಹಳೇದೇ ಸರಿಯಿತ್ತು ಅಂತ ಅಮ್ಮನ ತಕರಾರು ಇನ್ನೂ ಮುಗಿದಿಲ್ಲ.