ಪರದೆ ಆರಿಸಿ ‘ಡೇರ್‌ಡೆವಿಲ್’: ಮೊದಲ ಸೀಸನ್‌ನ ಕಂತುಗಳಿಗೆ ಮರು ಅಂಕ

2015ರ ಏಪ್ರಿಲ್ 10ರಂದು ನೆಟ್‌ಫ್ಲಿಕ್ಸ್‌ನಲ್ಲಿ ಹದಿಮೂರು ಕಂತುಗಳೂ ಒಟ್ಟಿಗೆ ಬಿಡುಗಡೆಯಾದ ಮಾರ್ವೆಲ್ ಸೂಪರ್‌ಹೀರೋ ಸರಣಿ ‘ಡೇರ್‌ಡೆವಿಲ್’ನ ಮೊದಲ ಸೀಸನ್ ಅನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ. ಉದ್ದೇಶ, ಅತ್ಯುತ್ತಮ ಕಂತುಗಳ ಪಟ್ಟಿ ಮಾಡುವುದು. ಅಂಥ ಪಟ್ಟಿಗಳಿಗೆ ಬರವೇನಿಲ್ಲ, ಆದರೆ ನಾನು ನೋಡಿದವೆಲ್ಲ ಎರಡನೇ ಕಂತಿನ ಕಾರಿಡಾರ್ ಕಾಳಗದ ಸುತ್ತಲೇ ಗಿರಕಿ ಹೊಡೆಯುತ್ತವೆ. ಹಾಗಾಗಿ ಒಂದು ನಿಯಮ ಹಾಕಿಕೊಂಡೆ: ಪ್ರತಿ ಕಂತನ್ನೂ ಒಮ್ಮೆ ನೋಡಬೇಕು, ಮತ್ತೊಮ್ಮೆ ಪರದೆ ಆರಿಸಿ ಬರೀ ಕೇಳಬೇಕು. ಮ್ಯಾಟ್ ಮರ್ಡಾಕ್ ದೃಷ್ಟಿ ಕಳೆದುಕೊಂಡ ವಕೀಲ, ರಾತ್ರಿ ಮುಸುಕು ಹಾಕಿ ನ್ಯೂಯಾರ್ಕಿನ ಹೆಲ್ಸ್ ಕಿಚನ್ ಬಡಾವಣೆಯ ಬೀದಿಗಳನ್ನು ಕಿವಿಯಿಂದ ಅಳೆಯುವವನು. ಅವನ ಕಥೆ ಕಿವಿಯ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಏನು ಬಂತು?

ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಅಂಧ ನಾಯಕನ ಈ ಸರಣಿ ಬಂದಾಗ ಅಂಧ ವೀಕ್ಷಕರಿಗೆ ಬೇಕಾದ ಆಡಿಯೊ ವಿವರಣೆಯೇ (ಪರದೆಯಲ್ಲಿ ಕಾಣುವುದನ್ನು ಮಾತಿನಲ್ಲಿ ಹೇಳುವ ದನಿ) ಅದರಲ್ಲಿರಲಿಲ್ಲ. ಆಕ್ಷೇಪಗಳು ಎದ್ದ ಬಳಿಕ, ಅದೇ ತಿಂಗಳು ನೆಟ್‌ಫ್ಲಿಕ್ಸ್ ಆ ಸೌಲಭ್ಯವನ್ನು ಆರಂಭಿಸಿತು, ಅದೂ ಇದೇ ಸರಣಿಯಿಂದ. ನಾನು ಮೊದಲು ವಿವರಣೆಯಿಲ್ಲದೆ ಕೇಳುತ್ತೇನೆ, ದಾರಿ ಪೂರ್ತಿ ತಪ್ಪಿದಲ್ಲಿ ಮಾತ್ರ ಅದನ್ನು ಹಾಕಿಕೊಳ್ಳುತ್ತೇನೆ. ಮುಂದೆ ಓದುವವರಿಗೆ ಎಚ್ಚರಿಕೆ: ಕಥೆಯ ಗುಟ್ಟುಗಳನ್ನು ಮುಚ್ಚಿಟ್ಟಿಲ್ಲ.

ಒಂದರಿಂದ ಐದು

ಮೊದಲ ಕಂತಿನಲ್ಲಿ ಕಿವಿಗೆ ನಿಲ್ಲುವುದು ಚರ್ಚಿನ ತಪ್ಪೊಪ್ಪಿಗೆಯ ದೃಶ್ಯ. ಮ್ಯಾಟ್ ತನ್ನ ತಂದೆಯೊಳಗಿನ ದೆವ್ವದ ಬಗ್ಗೆ ಹೇಳುತ್ತಾ, ಕೊನೆಗೆ ತಾನು ಮುಂದೆ ಮಾಡಲಿರುವುದಕ್ಕೆ ಕ್ಷಮೆ ಕೇಳುತ್ತಾನೆ. ಉಳಿದದ್ದು ಪೀಠಿಕೆ.

ಎರಡನೆಯದು ಈ ಪರೀಕ್ಷೆಯಲ್ಲಿ ಕೆಳಗಿಳಿಯುತ್ತದೆ ಎಂದು ಎಣಿಸಿದ್ದೆ. ಇಳಿಯಲಿಲ್ಲ. ರಷ್ಯನ್ನರು ಅಪಹರಿಸಿದ ಹುಡುಗನನ್ನು ಬಿಡಿಸಲು ಮ್ಯಾಟ್ ಆ ಹಸಿರು-ಹಳದಿ ಕಾರಿಡಾರಿಗೆ ಬರುತ್ತಾನೆ. ಕತ್ತರಿಯೇ ಬೀಳದಂತೆ ಕಾಣುವ ಒಂದೇ ಉದ್ದನೆಯ ಶಾಟ್. ಸಾಹಸ ನಿರ್ದೇಶಕ ಫಿಲಿಪ್ ಸಿಲ್ವೆರಾ. ಮ್ಯಾಟ್ ಪಾತ್ರದ ಚಾರ್ಲಿ ಕಾಕ್ಸ್ ಮತ್ತು ಅವರ ಡ್ಯೂಪ್ ಕ್ರಿಸ್ ಬ್ರೂಸ್ಟರ್ ಬಾಗಿಲುಗಳ ಮರೆಯಲ್ಲಿ ಅದಲುಬದಲಾಗುತ್ತಾರೆ. ಇದೆಲ್ಲ ಬಹಳ ಸಲ ಬರೆದಾಗಿರುವ ಸಂಗತಿ. ಪರದೆ ಆರಿಸಿದ ಮೇಲೆ ಹೊಳೆದದ್ದು ಬೇರೆ: ಕ್ಯಾಮೆರಾ ಕಾರಿಡಾರಿನಲ್ಲೇ ನಿಂತಿರುತ್ತದೆ, ಹೊಡೆದಾಟದ ಎಷ್ಟೋ ಭಾಗ ಪಕ್ಕದ ಕೋಣೆಗಳೊಳಗೆ ನಡೆಯುತ್ತದೆ. ಅಂದರೆ ಕಣ್ಣು ತೆರೆದು ನೋಡುವವನಿಗೂ ಅಲ್ಲಿ ಸಿಗುವುದು ಸದ್ದು ಮಾತ್ರ. ಒಂದು ಏಟು, ಆಮೇಲೆ ದೀರ್ಘವಾದ ಏದುಸಿರು, ಗೋಡೆಗೆ ಮೈ ತಾಗಿದ ಶಬ್ದ, ಬಿದ್ದವನು ಮತ್ತೆ ಏಳುವ ಸದ್ದು. ಏಟುಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುವುದನ್ನು ಕೇಳಿಯೇ ಅವನು ಎಷ್ಟು ದಣಿದಿದ್ದಾನೆಂದು ಗೊತ್ತಾಗುತ್ತದೆ. ಸೂಪರ್‌ಹೀರೋಗಳು ಗಾಯಗೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇವೆ. ಹೀಗೆ ಸುಸ್ತಾಗುವುದನ್ನು ನಾನು ನೋಡಿದ್ದು ಕಡಿಮೆ. ಇದೇ ಕಂತಿನಲ್ಲಿ, ಸೋಲಲು ಒಪ್ಪದ ಬಾಕ್ಸರ್ ತಂದೆಯನ್ನು ಕೊಂದ ಗುಂಡಿನ ಸದ್ದನ್ನು ಬಾಲಕ ಮ್ಯಾಟ್ ಮನೆಯಿಂದಲೇ ಕೇಳಿಸಿಕೊಳ್ಳುತ್ತಾನೆ. ಇಡೀ ಕಂತು ಕಿವಿಗೆಂದೇ ಬರೆದಂತಿದೆ.

ಮೂರನೆಯದರ ಕೊನೆಯಲ್ಲಿ ಖಳನಾಯಕ ವಿಲ್ಸನ್ ಫಿಸ್ಕ್ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತಾನೆ, ಗ್ಯಾಲರಿಯೊಂದರಲ್ಲಿ ಪೂರ್ತಿ ಬಿಳಿಯಾದ ಚಿತ್ರದ ಮುಂದೆ. ಇಲ್ಲಿಯವರೆಗೆ ಅವನ ಹೆಸರು ಉಸುರಲೂ ಜನ ಹೆದರುತ್ತಿದ್ದರು. ಅದನ್ನು ಬಾಯಿಬಿಟ್ಟ ಬಾಡಿಗೆ ಹಂತಕ ಮರುಕ್ಷಣವೇ ತನ್ನನ್ನು ತಾನೇ ಕೊಂದುಕೊಳ್ಳುತ್ತಾನೆ. ಚಿತ್ರ ನೋಡಿ ಏನನ್ನಿಸುತ್ತದೆ ಎಂದು ಗ್ಯಾಲರಿ ನೋಡಿಕೊಳ್ಳುವ ವನೆಸ್ಸಾ ಕೇಳಿದರೆ, ಒಂಟಿ ಅನ್ನಿಸುತ್ತದೆ ಎನ್ನುತ್ತಾನೆ ಫಿಸ್ಕ್. ಕ್ಯಾನ್ವಾಸ್ ತುಂಬ ಬಿಳಿ ಬಿಟ್ಟು ಏನೂ ಇಲ್ಲದ್ದರಿಂದ ಪರದೆ ಆರಿದರೂ ನಷ್ಟವಿಲ್ಲ. ಫಿಸ್ಕ್ ಪಾತ್ರದ ವಿನ್ಸೆಂಟ್ ಡೊನೊಫ್ರಿಯೊ ಅವರ ತಡವರಿಸುವ ದನಿ ಸಾಕು.

ನಾಲ್ಕರಲ್ಲಿ ಫಿಸ್ಕ್ ಕಾರಿನ ಬಾಗಿಲಿನಿಂದಲೇ ಒಬ್ಬನನ್ನು ಜಜ್ಜಿ ಕೊಲ್ಲುವ ದೃಶ್ಯವಿದೆ. ಅದನ್ನು ಕೇಳುವುದು ನೋಡುವುದಕ್ಕಿಂತ ಕಷ್ಟ. ಮತ್ತೊಮ್ಮೆ ಕೇಳುವ ಉಮೇದಿಲ್ಲ. ಐದು ಸುಮಾರು.

ಆರರಿಂದ ಎಂಟು

ಆರನೆಯದು ದೊಡ್ಡ ಲಾಭ. ಪಾಳು ಕಟ್ಟಡದಲ್ಲಿ ಮ್ಯಾಟ್ ಮತ್ತು ಗಾಯಗೊಂಡ ರಷ್ಯನ್ ಗ್ಯಾಂಗ್ ನಾಯಕ ವ್ಲಾದಿಮಿರ್, ಹೊರಗೆ ಫಿಸ್ಕ್‌ನ ಸಂಬಳ ತಿನ್ನುವ ಪೊಲೀಸರು. ಫೋನಿನಲ್ಲಿ ನರ್ಸ್ ಕ್ಲೇರ್ ಹೇಳಿಕೊಟ್ಟಂತೆ ಮ್ಯಾಟ್ ಉರಿಯುವ ಫ್ಲೇರ್‌ನಿಂದ ಅವನ ಗಾಯ ಸುಡುತ್ತಾನೆ. ನಂತರ ನಾಯಕ ಮತ್ತು ಖಳನಾಯಕನ ಮೊದಲ ಮಾತುಕತೆ, ಮುಖಾಮುಖಿಯಾಗಿ ಅಲ್ಲ, ಪೊಲೀಸ್ ವೈರ್‌ಲೆಸ್‌ನಲ್ಲಿ. ಹಿಂದೆ ನೋಡಿದಾಗ ಇದು ಕಥೆಯನ್ನು ನಿಲ್ಲಿಸಿದ ಕಂತು ಅನ್ನಿಸಿತ್ತು. ಈಗ ಇದನ್ನು ರೇಡಿಯೊ ನಾಟಕವೆಂದೇ ಪ್ರಸಾರ ಮಾಡಬಹುದು ಎನಿಸುತ್ತದೆ.

ಏಳನೆಯದು, ಮ್ಯಾಟ್‌ನ ಗುರು ಸ್ಟಿಕ್‌ನದ್ದು, ಕಿವಿಗೆ ಸೋತಿತು. ಬಾಲಕ ಮ್ಯಾಟ್ ಐಸ್‌ಕ್ರೀಮ್ ಕಾಗದದಿಂದ ಹೆಣೆದ ಕೈಪಟ್ಟಿಯ ಮೇಲೆಯೇ ಅದರ ಭಾವವೆಲ್ಲ ನಿಂತಿದೆ, ಆ ಕೈಪಟ್ಟಿ ಕೇಳಿಸುವುದಿಲ್ಲ. ಆದರೂ ಸ್ಟಿಕ್ ಪಾತ್ರದ ಸ್ಕಾಟ್ ಗ್ಲೆನ್ ಅವರ ಒರಟು ಮಾತಿಗೆ ಅರ್ಧ ಅಂಕ ಹೆಚ್ಚು.

ಎಂಟು ಈಗ ಮೊದಲ ಸ್ಥಾನದಲ್ಲಿದೆ, ಕದಲುವ ಲಕ್ಷಣವಿಲ್ಲ. ಫಿಸ್ಕ್ ಏಳುತ್ತಾನೆ, ಆಮ್ಲೆಟ್ ಮಾಡುತ್ತಾನೆ, ಒಬ್ಬನೇ ತಿನ್ನುತ್ತಾನೆ, ಸೂಟ್ ಆರಿಸುತ್ತಾನೆ, ತಂದೆಯ ಕಫ್‌ಲಿಂಕ್ ಹಾಕಿಕೊಳ್ಳುತ್ತಾನೆ. ಹಿನ್ನೆಲೆಯಲ್ಲಿ ಬಾಖ್‌ನ ಚೆಲ್ಲೊ. ಕನ್ನಡಿಯಲ್ಲಿ ಮಾತ್ರ ರಕ್ತ ಮೆತ್ತಿದ ಬಾಲಕ ಫಿಸ್ಕ್. ಈ ದಿನಚರಿ ಕಂತಿನಲ್ಲಿ ಮರಳಿ ಬರುತ್ತದೆ, ಕೊನೆಯ ಬಾರಿ ವನೆಸ್ಸಾ ಜೊತೆಗಿದ್ದಾಗ ಕನ್ನಡಿಯ ಬಿಂಬ ಬದಲಾಗಿರುತ್ತದೆ. ಆ ಕನ್ನಡಿ ಕೇಳುವವನಿಗೆ ಸಿಗುವುದಿಲ್ಲ, ನಿಜ. ಅದರ ಬದಲು ಸಿಗುವುದು ಬಾಲ್ಯದ ಮನೆ. ಗೋಡೆ ನೋಡುತ್ತಾ ಕೂರು ಎಂದು ಗದರುವ ತಂದೆ, ತಾಯಿಯ ಚೀರಾಟ, ತಂದೆಯ ಮೇಲೆ ಬಾಲಕನ ಸುತ್ತಿಗೆಯ ಏಟುಗಳು. ಆಮೇಲೆ ಗರಗಸ ತಾ ಎನ್ನುವ ತಾಯಿಯ ದನಿ. ಆ ಮೂರನೇ ಕಂತಿನ ಬಿಳಿ ಚಿತ್ರವನ್ನು ಫಿಸ್ಕ್ ಯಾಕೆ ಕೊಂಡ ಎನ್ನುವುದು ಇಲ್ಲಿ ತಿಳಿಯುತ್ತದೆ, ಯಾರೂ ವಿವರಿಸದೆ. ಈ ಕಂತನ್ನು ಬರೆದವರು ಇಡೀ ಸೀಸನ್ನಿನ ಹೊಣೆ ಹೊತ್ತಿದ್ದ ಸ್ಟೀವನ್ ಡಿನೈಟ್. ಕೊನೆಗೆ ಫಿಸ್ಕ್ ತಾನೇ ಪತ್ರಕರ್ತರ ಎದುರು ಬಂದು ನಿಂತು, ವರದಿಗಾರ ಬೆನ್ ಯೂರಿಕ್ ಅವನ ಬಗ್ಗೆ ಬರೆಯಬೇಕಿದ್ದ ಸುದ್ದಿಯನ್ನು ಹೊಸಕಿಹಾಕುತ್ತಾನೆ. ಮುಸುಕುಧಾರಿ ನಾಯಕನ ಒಂದು ಏಟೂ ಇದಕ್ಕೆ ಉತ್ತರವಾಗಲಾರದು.

ಒಂಬತ್ತರಿಂದ ಹನ್ನೊಂದು

ಒಂಬತ್ತರಲ್ಲಿ ಫಿಸ್ಕ್‌ನ ಜಪಾನಿ ಪಾಲುದಾರ ನೊಬು ಜೊತೆಗಿನ ಕಾಳಗ ಕತ್ತಲಲ್ಲಿ ಬರೀ ಲೋಹದ ಗದ್ದಲ. ಅದೇ ಕಂತಿನಲ್ಲಿ ಫಾದರ್ ಲ್ಯಾಂಟಮ್ ರುವಾಂಡಾದ ನೆನಪನ್ನು ಹೇಳುವ ದೃಶ್ಯ ಅದಕ್ಕಿಂತ ಎಷ್ಟೋ ಮೇಲು.

ಹತ್ತು ಏರಿದೆ. ಮ್ಯಾಟ್‌ನ ಗುಟ್ಟು ತಿಳಿದ ಗೆಳೆಯ, ಜೊತೆ ವಕೀಲ ಫಾಗ್ಗಿಗೆ ಎಲ್ಲಕ್ಕಿಂತ ನೋವಾಗುವುದು ಮುಸುಕಿನಿಂದಲ್ಲ, ತನ್ನ ಎದೆಬಡಿತವನ್ನು ಅವನು ಇಷ್ಟು ವರ್ಷ ಅನುಮತಿಯಿಲ್ಲದೆ ಕೇಳಿಸಿಕೊಂಡದ್ದರಿಂದ. ಆ ಮಾತು ಬಂದಾಗ, ಕತ್ತಲಲ್ಲಿ ಹೆಡ್‌ಫೋನ್ ಹಾಕಿ ಇಬ್ಬರು ಗೆಳೆಯರ ಜಗಳ ಕೇಳುತ್ತಿದ್ದ ನನಗೂ ತುಸು ಮುಜುಗರವಾಯಿತು.

ಹನ್ನೊಂದರಲ್ಲಿ ಮೇಜಿನ ಮೇಲೆ ಪಿಸ್ತೂಲು, ಎದುರು ಬದುರು ಫಿಸ್ಕ್‌ನ ಬಲಗೈ ವೆಸ್ಲಿ ಮತ್ತು ಮ್ಯಾಟ್‌ನ ಕಚೇರಿಯ ಕ್ಯಾರೆನ್. ಫಿಸ್ಕ್‌ನ ಕರೆಗೆ ವೆಸ್ಲಿಯ ಫೋನ್ ಗುಂಯ್‌ಗುಡುತ್ತದೆ, ಅವನ ಗಮನ ಅತ್ತ ಹೊರಳಿದ ಕ್ಷಣದಲ್ಲಿ ಎಲ್ಲವೂ ತಲೆಕೆಳಗು. ಇದನ್ನು ಆರಕ್ಕಿಂತ ಮೇಲಿಡಬೇಕೆ ಎಂದು ಇನ್ನೂ ತೀರ್ಮಾನಿಸಿಲ್ಲ. ದೃಶ್ಯ ಅದ್ಭುತ, ಕಂತಿನ ಉಳಿದ ಭಾಗ ಅಷ್ಟಿಲ್ಲ.

ಸದ್ಯಕ್ಕೆ ಎಂಟು, ಎರಡು, ಆರು, ಹತ್ತು, ಹನ್ನೊಂದು ಎಂಬ ಕ್ರಮ. ಹನ್ನೆರಡು ಮತ್ತು ಹದಿಮೂರನ್ನು ಕೇಳುವುದು ಬಾಕಿ ಇದೆ. ಹದಿಮೂರರಲ್ಲಿ ಮ್ಯಾಟ್ ತೊಡುವ ಕೆಂಪು ಕವಚ ನನ್ನ ಕಣ್ಣಿಗೆ ಎಂದೂ ಒಗ್ಗಿಲ್ಲ, ಅಲ್ಲಿಯವರೆಗಿನ ಕಪ್ಪು ಬಟ್ಟೆಯ ಮುಂದೆ ಅದು ವೇಷದಂತೆ ಕಾಣುತ್ತದೆ. ಪರದೆ ಆರಿಸಿದರೆ ಆ ತಕರಾರು ಇರುವುದಿಲ್ಲ. ಪೊಲೀಸ್ ವಾಹನದಲ್ಲಿ ಕೂತ ಫಿಸ್ಕ್ ಬೈಬಲ್ಲಿನ ಒಳ್ಳೆಯ ಸಮಾರಿಯದವನ ಕಥೆ ಹೇಳಿ, ಅದರಲ್ಲಿ ತಾನು ಯಾರೆಂದು ಕಂಡುಕೊಳ್ಳುವ ಮಾತುಗಳನ್ನೇ ಮೊದಲು ಕೇಳುತ್ತೇನೆ.