ಬಂದ್ರೆ ಒಳಗೆ ಬಿಡ್ತೀಯಾ?

ಮಂಗಳವಾರ ಇಲ್ಲಿ ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಊಟದ ಹೊತ್ತು, ತಿಪಟೂರಿನಲ್ಲಿ ಸಂಜೆ. ಅಪ್ಪ ವಿಡಿಯೋ ಕಾಲ್‌ನಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಒಂದೇ ಹಾಳೆ. ನಮ್ಮ ಸಾಲಿಸಿಟರ್, ಅಂದರೆ ಮನೆ ಕೊಳ್ಳುವ ಕಾಗದಪತ್ರ ನೋಡಿಕೊಳ್ಳುವ ವಕೀಲರು, ಕಳಿಸಿದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಿದ್ದರು. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಈ ಹಣ ಮಗಳಿಗೆ ಉಡುಗೊರೆ. ಸಾಲ ಅಲ್ಲ. ವಾಪಸ್ ಕೇಳುವುದಿಲ್ಲ. ಈ ಹಣ ಹಾಕಿ ಕೊಳ್ಳುವ ಮನೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲ.

ಅಪ್ಪ ಕನ್ನಡಕ ತೆಗೆದರು.

"ಅಲ್ಲಮ್ಮ, ನಾನು ಬಂದ್ರೆ ಒಳಗೆ ಬಿಡ್ತೀಯಾ?"

ಅಂದು ನಕ್ಕರು. ನಾನೂ ನಕ್ಕೆ. ಹಿಂದೆ ಕೂತು ಸೊಪ್ಪು ಬಿಡಿಸುತ್ತಿದ್ದ ಅಮ್ಮ ಮಾತ್ರ ನಗಲಿಲ್ಲ.

ನಾಲ್ಕು ದಿನದಿಂದ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಮನೆ ಇರುವುದು ರೆಡಿಂಗ್‌ನಲ್ಲಿ. ಮೂರು ಬೆಡ್‌ರೂಮು, ಎರಡೂ ಕಡೆ ಪಕ್ಕದ ಮನೆಗೆ ಅಂಟಿಕೊಂಡ ಗೋಡೆ, 3,80,000 ಪೌಂಡ್. ನಮ್ಮ ಆಫರ್ ಒಪ್ಪಿದ ದಿನವೇ ಎಸ್ಟೇಟ್ ಏಜೆಂಟ್ ಹುಡುಗ ಫೋನ್ ಮಾಡಿ, "ಸಾಲಿಸಿಟರ್ ನಾವೇ ಕೊಡ್ತೀವಿ, ಬೇಗ ಆಗುತ್ತೆ" ಅಂದ. ಬಾಯ್ತುಂಬ ಸಕ್ಕರೆ. ಹಾಗೆ ಗಿರಾಕಿ ಕಳಿಸಿದ್ದಕ್ಕೆ ಅವರಿಗೆ ಕಮಿಷನ್ ಸಿಗುತ್ತದೆ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಕಾಗದದ ಮೂಲೆಯಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೇಡ ಅಂದೆವು. ಜಾಣತನ ಅಷ್ಟಕ್ಕೇ ಮುಗಿಯಿತು. ಆಮೇಲೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗಿಂತ ಕಡಿಮೆ ಫೀಸು ಹೇಳಿದ ಒಂದು ಕಂಪನಿಯನ್ನು ಹಿಡಿದೆವು. ಕಾರಣ ನನ್ನ ಮೈದುನ. ಅವನಿಗೆ ಯಾವ ವಿಷಯದಲ್ಲೂ ಅನುಭವ ಇಲ್ಲ, ಎಲ್ಲ ವಿಷಯದಲ್ಲೂ ಸಲಹೆ ಇದೆ.

ಆ ಕಂಪನಿಯಲ್ಲಿ ಫೋನ್ ಎತ್ತುವವರು ಪ್ರತಿ ಸಲ ಬೇರೆ. ಮೂರು ವಾರ ಆದ ಮೇಲೆ ಒಂದು ಇಮೇಲ್ ಬಂತು. ಉಡುಗೊರೆ ಹಣ ವಿದೇಶದಿಂದ ಬರುವುದಾದರೆ ನಾವು ಕೇಸ್ ತೆಗೆದುಕೊಳ್ಳುವುದಿಲ್ಲ ಅಂತ. ಮೊದಲ ದಿನವೇ ಫಾರಂನಲ್ಲಿ ಬರೆದು ಕೊಟ್ಟಿದ್ದೆ. ಯಾರೂ ಓದಿರಲಿಲ್ಲ, ಅಷ್ಟೇ.

ಎರಡನೆಯವರನ್ನು ಸಿಕ್ಕಿಸಿಕೊಟ್ಟಿದ್ದು ಆಫೀಸಿನ ಗೆಳತಿ. ಬೇಕರಿ ಮೇಲಿನ ಸಣ್ಣ ಆಫೀಸು, ಅರವತ್ತರ ಹತ್ತಿರದ ಹೆಂಗಸು. ನಗು ಕಡಿಮೆ. ಫೀಸು ಮೊದಲಿನವರ ಎರಡರಷ್ಟು. ನಮಗೆ ಮನೆ ಸಾಲ ಕೊಡುವ ಬ್ಯಾಂಕಿನ ಪಟ್ಟಿಯಲ್ಲಿ ಅವರ ಹೆಸರು ಇದೆಯಾ ಅಂತ ಮೊದಲು ವಿಚಾರಿಸಿದೆ. ಇಲ್ಲದಿದ್ದರೆ ಬ್ಯಾಂಕ್ ತನ್ನ ಕೆಲಸಕ್ಕೆ ಇನ್ನೊಬ್ಬರನ್ನು ಇಡುತ್ತದೆ, ಎರಡು ಫೀಸು. ಇತ್ತು.

ಅವರ ಮೊದಲ ಪ್ರಶ್ನೆ: "ಪ್ರಪಂಚದಲ್ಲಿ ಎಲ್ಲಾದರೂ ನಿಮ್ಮಿಬ್ಬರ ಹೆಸರಿನಲ್ಲಿ ಮನೆ ಇದೆಯಾ?" ಇಲ್ಲ. ಹಾಗಾದರೆ ಮೊದಲ ಮನೆಯ ರಿಯಾಯಿತಿ ಸಿಗುತ್ತದೆ, 3,00,000 ಪೌಂಡ್‌ವರೆಗೆ ಸ್ಟಾಂಪ್ ಡ್ಯೂಟಿ ಇಲ್ಲ, ಉಳಿದಿದ್ದಕ್ಕೆ 5%. ನಮಗೆ 4,000 ಪೌಂಡ್ ಆಯಿತು. ಬೆಂಗಳೂರಿನಲ್ಲಿ ಒಂದು ಫ್ಲ್ಯಾಟ್ ಇದ್ದಿದ್ದರೂ ಈ ರಿಯಾಯಿತಿ ಇಲ್ಲ, ಜೊತೆಗೆ ಪೂರ್ತಿ ಬೆಲೆಯ ಮೇಲೆ 5% ಜಾಸ್ತಿ. ಅಲ್ಲಿನ ಫ್ಲ್ಯಾಟನ್ನು ಇಲ್ಲಿ ಯಾರು ಕೇಳ್ತಾರೆ ಅಂದುಕೊಂಡವರನ್ನು ನಾನೇ ನೋಡಿದ್ದೇನೆ.

ಎರಡನೇ ಪ್ರಶ್ನೆ: "ನಿಮ್ಮ ತಂದೆಗೆ ಈ ಹಣ ಎಲ್ಲಿಂದ ಬಂತು?"

ಇದನ್ನು ಅಪ್ಪನಿಗೆ ದಾಟಿಸುವುದು ಹೇಗೆ ಹೇಳಿ. "ತೋಟ ಮಾರಿದ್ದು ಅಂತ ಹೇಳಮ್ಮ" ಅಂದರು. ಹೇಳಿದೆ. ತೋಟ ಅವರಿಗೆ ಹೇಗೆ ಬಂತು? "ನಮ್ಮಪ್ಪ ಬಿಟ್ಟು ಹೋಗಿದ್ದು." ಅದಕ್ಕೆ ದಾಖಲೆ? ಆಗ ಅಪ್ಪನ ದನಿ ಸಣ್ಣಗಾಯಿತು. "ನನ್ನನ್ನ ಕಳ್ಳ ಅಂದ್ಕೊಂಡಿದ್ದಾರಾ ಆಯಮ್ಮ?" ಅಪ್ಪನ ಲೆಕ್ಕದಲ್ಲಿ ವಕೀಲರ ಹತ್ತಿರ ಹೋಗುವುದು ಜಗಳ ಆದ ಮೇಲೆ. ಕ್ರಯಪತ್ರ ಬರೆಸಲು ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿನ ಪತ್ರ ಬರಹಗಾರ ಸಾಕು.

ಇಲ್ಲಿ 2017ರ ಮನಿ ಲಾಂಡರಿಂಗ್ ನಿಯಮ ಅಂತ ಇದೆ. ಹಣದ ಮೂಲ ವಿಚಾರಿಸದಿದ್ದರೆ ಸಾಲಿಸಿಟರ್ ಕೊರಳಿಗೇ ಬರುತ್ತದೆ. ಅದಕ್ಕೆ ಪಹಣಿ, ಮ್ಯುಟೇಶನ್, ಕ್ರಯಪತ್ರ, ಅಪ್ಪನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸ್ಕ್ಯಾನ್ ಆಗಿ ಬಂದವು. ಕ್ರಯಪತ್ರವನ್ನು ಇಂಗ್ಲಿಷಿಗೆ ತರಲು ಅನುವಾದಕರನ್ನು ಹಿಡಿದೆವು. ಗುಂಟೆ ಅಂದರೆ ಏನು ಅಂತ ಸಾಲಿಸಿಟರ್ ಇಮೇಲ್ ಮಾಡಿದರು. ಒಂದು ಎಕರೆಗೆ 40 ಅಂತ ಬರೆದೆ. ಚಕ್ಕುಬಂದಿಯಲ್ಲಿ "ಪಶ್ಚಿಮಕ್ಕೆ ಹಳ್ಳ" ಅಂತ ಇತ್ತು. ಆ ಹಳ್ಳದಲ್ಲಿ ನಾನು ಈಜು ಕಲಿತಿದ್ದು. ಅದನ್ನು ಬರೆಯಲಿಲ್ಲ.

ಹಣ ಕಳಿಸುವಾಗ ಅಪ್ಪನ ಬ್ಯಾಂಕಿನವರು 10 ಲಕ್ಷ ದಾಟಿದ್ದಕ್ಕೆ 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿದರು. 30 ಲಕ್ಷಕ್ಕೆ 4 ಲಕ್ಷ. ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತದೆ, ಆದರೆ ಅಲ್ಲಿಯವರೆಗೆ ಅದನ್ನೂ ಅವರೇ ಹೊಂದಿಸಬೇಕು. ಆ ಬಗ್ಗೆ ಅಪ್ಪ ಒಂದು ಮಾತೂ ಆಡಲಿಲ್ಲ. ಕಳ್ಳ ಅಂದುಕೊಂಡರು ಅನ್ನುವುದು ಮಾತ್ರ ಚುಚ್ಚಿತ್ತು.

ಆದರೆ ಆಯಮ್ಮ ಹಾಗೇ. ನಮ್ಮನ್ನು ಕೇಳಿದ ಹಾಗೇ ಮನೆ ಮಾರುವವರನ್ನೂ ಕೇಳಿದರು. ಅಟ್ಟವನ್ನು ರೂಮು ಮಾಡಿದ್ದಾರಲ್ಲ, ಕೆಲಸ ನಿಯಮದ ಪ್ರಕಾರ ಆಗಿದೆ ಅನ್ನುವ ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ, ಕಂಪ್ಲೀಷನ್ ಸರ್ಟಿಫಿಕೇಟ್ ಎಲ್ಲಿ? ಇಲ್ಲ. ಅದರ ಬದಲು ಒಂದು ಇನ್ಶೂರೆನ್ಸ್ ಪಾಲಿಸಿ ಕೊಡ್ತೀವಿ ಅಂದರು. ಏಜೆಂಟ್ ಹುಡುಗ ದಿನಕ್ಕೆ ಎರಡು ಸಲ ಫೋನ್ ಮಾಡಿ, "ಎಲ್ಲರೂ ಒಪ್ಪಿಕೊಳ್ತಾರೆ, ನಿಮ್ಮ ಸಾಲಿಸಿಟರೇ ನಿಧಾನ" ಅನ್ನುತ್ತಿದ್ದ. ಸಾಲಿಸಿಟರ್ ಎರಡೇ ಸಾಲು ಬರೆದರು. ಕೌನ್ಸಿಲ್ ನೋಟಿಸ್ ಕೊಟ್ಟರೆ ಈ ಪಾಲಿಸಿ ಉಪಯೋಗಕ್ಕೆ ಬರುತ್ತದೆ. ಅಟ್ಟದ ನೆಲ ಕುಸಿದರೆ ಬರುವುದಿಲ್ಲ.

ಸರ್ವೇಯರ್‌ನನ್ನು ಮತ್ತೆ ಕಳಿಸಿದೆವು. ತೊಲೆಗಳು ಗಟ್ಟಿ ಇವೆ ಅಂದ. ಅಪ್ಪನಿಗೆ ಈ ಕಥೆ ಹೇಳಿದಾಗ ಬಹಳ ಖುಷಿಪಟ್ಟರು. "ಓಹೋ, ಅಲ್ಲೂ ಅಕ್ರಮ-ಸಕ್ರಮ ಇದೆ ಅನ್ನು." ಅವತ್ತಿನಿಂದ ಸಾಲಿಸಿಟರ್ ಬಗ್ಗೆ ಅವರಿಗೆ ಗೌರವ ಹುಟ್ಟಿತು. ಈಗ "ಆಯಮ್ಮ" ಅಲ್ಲ, "ಮೇಡಂ".

ಅವರಿಗೆ ಇನ್ನೂ ಅರ್ಥವಾಗದ್ದು ಒಂದೇ. ನಾಲ್ಕು ತಿಂಗಳಾಯಿತು, ಒಂದು ಪೌಂಡ್ ಅಡ್ವಾನ್ಸ್ ಕೊಟ್ಟಿಲ್ಲ. "ಮತ್ತೆ ಮಾತು ಯಾವುದರ ಮೇಲೆ ನಿಂತಿದೆ?" ಯಾವುದರ ಮೇಲೂ ಇಲ್ಲ. ಇಂಗ್ಲೆಂಡಿನಲ್ಲಿ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್, ಅಂದರೆ ಎರಡೂ ಕಡೆಯವರು ಸಹಿ ಹಾಕಿದ ಕರಾರು ಬದಲಾಯಿಸಿಕೊಳ್ಳುವುದು, ಆಗುವವರೆಗೂ ಯಾರು ಬೇಕಾದರೂ ಕೈ ಎತ್ತಬಹುದು. ನಮ್ಮ ಎಕ್ಸ್‌ಚೇಂಜ್ ಮುಂದಿನ ಶುಕ್ರವಾರ. ಅದಾದ ಮೇಲೆ ನಾವು ಹಿಂದೆ ಸರಿದರೆ ಬೆಲೆಯ 10% ಹೋಯಿತು.

ಮತ್ತೆ ಆ ಹಾಳೆಗೆ ಬರುತ್ತೇನೆ. ಕಾನೂನು ನನಗೆ ಗೊತ್ತು. ನಾಳೆ ನಾವು ಸಾಲ ಕಟ್ಟದಿದ್ದರೆ, ನನಗೂ ಇದರಲ್ಲಿ ಪಾಲಿದೆ ಅಂತ ಇನ್ನೊಬ್ಬರು ಬಂದು ನಿಲ್ಲಬಾರದು. ಬ್ಯಾಂಕಿಗೆ ಬೇಕಾಗಿರುವುದು ಅಷ್ಟೇ. ಆದರೂ "ನನಗೆ ಯಾವ ಹಕ್ಕೂ ಇಲ್ಲ" ಅನ್ನುವುದನ್ನು ಅಪ್ಪನಿಗೆ ನನ್ನ ಬಾಯಿಂದಲೇ, ನನ್ನ ಭಾಷೆಯಲ್ಲೇ ಹೇಳಿದ್ದು ಸರಿಹೋಗುತ್ತಿಲ್ಲ. ಇಂಗ್ಲಿಷಿನಲ್ಲೇ ಬಿಟ್ಟಿದ್ದರೆ ಸುಮ್ನೆ ಸಹಿ ಹಾಕಿಬಿಡುತ್ತಿದ್ದರೇನೋ. ಅಥವಾ ಆಗಲೂ ಕೇಳುತ್ತಿದ್ದರಾ? ನನಗೆ ಈಗ ನೆನಪಾಗುತ್ತಿರುವುದು ಅವರ ನಗು ಅಲ್ಲ. ನಗುವ ಮುಂಚೆ ಒಂದು ಗಳಿಗೆ ಕನ್ನಡಕ ಒರೆಸಿಕೊಂಡರಲ್ಲ, ಅದು.

ಬುಧವಾರ ನಮಗೂ ಒಂದು ಫಾರಂ ಬಂತು. ನಿಮ್ಮಿಬ್ಬರನ್ನು ಬಿಟ್ಟು 17 ವರ್ಷ ದಾಟಿದವರು ಯಾರಾದರೂ ಈ ಮನೆಯಲ್ಲಿ ವಾಸ ಇರುತ್ತಾರಾ? ಇದ್ದರೆ ಅವರೂ ಹಕ್ಕಿಲ್ಲ ಅಂತ ಸಹಿ ಹಾಕಬೇಕು. ಪೆನ್ನು ನಿಂತಿತು. ಅಪ್ಪ ಅಮ್ಮ ಬರುತ್ತಾರೆ, ವಿಸಿಟರ್ ವೀಸಾದಲ್ಲಿ ಆರು ತಿಂಗಳವರೆಗೆ ಇರಬಹುದು. ಅದು ವಾಸ ಹೌದಾ, ಅಲ್ವಾ? ಸಾಲಿಸಿಟರ್‌ಗೆ ಬರೆದು ಕೇಳಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು.

"ಅತಿಥಿಗಳು ಲೆಕ್ಕಕ್ಕೆ ಬರುವುದಿಲ್ಲ."

ಇಲ್ಲ ಅಂತ ಬರೆದು ಕಳಿಸಿದೆ. ಇದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.